ಹಡಗಿಗೆ ಹಚ್ಚಿದ ವಿಭೂತಿ

ಹೊಸ ಗೋಣಿಚೀಲಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಸೆಣಬಿನದು ಅರ್ಧ, ನಾರಿಗೆ ಹಾಕಿದ ಎಣ್ಣೆಯದು ಅರ್ಧ. ಮೊದಲು ಮೂಗಿಗೆ ಕಟು, ಆಮೇಲೆ ಬೆಚ್ಚಗೆ. ಕಳೆದ ತಿಂಗಳು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ರೈತರೊಬ್ಬರು ಒಂದು ಕಟ್ಟು ಹೊಸ ಚೀಲ ತಂದು ನಾನು ಕೂತಿದ್ದ ಕಲ್ಲುಬೆಂಚಿನ ಮೇಲಿಟ್ಟರು. "ಸ್ವಲ್ಪ ನೋಡ್ಕಳ್ರಿ, ಚಾ ಕುಡ್ದು ಬರ್ತೀನಿ" ಎಂದು ಹೋದರು. ನಾನು ಚೀಲ ನೋಡಿಕೊಳ್ಳುತ್ತಾ ಕೂತೆ. ನನ್ನ ಬಸ್ಸು ಬಂತು, ನಿಂತಿತು, ಹೋಯಿತು. ಅಷ್ಟು ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಇರಲೇ ಇಲ್ಲ. ಶಿಕಾರಿಪುರದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ, ಒಟ್ಟಿದ ಚೀಲಗಳ ಮೇಲೆ, ಅಜ್ಜಿಯ ಬಲಮಗ್ಗುಲಲ್ಲಿ ಕೂತಿದ್ದೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಟೈಲ್ಸ್ ಮಾರುವ ದೊಡ್ಡ ಅಂಗಡಿ ಎದ್ದಿದೆ. ನಿಮಗೂ ಅಂಥದೊಂದು ಜಾಗ ಇದ್ದಿರಬೇಕು. ಒಬ್ಬರ ಪಕ್ಕದಲ್ಲಿ, ಅವರ ಮೈಗೆ ಮೈ ತಾಗಿಸಿ, ಯಾರ ಅಪ್ಪಣೆಯನ್ನೂ ಕೇಳದೆ ಕೂರುತ್ತಿದ್ದ ಜಾಗ. ನನ್ನದನ್ನು ಇನ್ನೊಬ್ಬ ಬಂದು ಹಂಚಿಕೊಂಡದ್ದನ್ನೂ ಅದನ್ನು ಪೂರ್ತಿ ಹಿಂದೆ ಪಡೆಯಲು ನಾನು ಮಾಡಿದ್ದನ್ನೂ ಬರೆದುಬಿಡಬೇಕೆಂದು ಅವತ್ತೇ ಅನ್ನಿಸಿತು.

ನಮ್ಮದು ಚೀಲದ ಅಂಗಡಿ. ಗೋಣಿಚೀಲ, ಹಗ್ಗ, ಹುರಿ, ತಾಡಪಾಲು, ಇಷ್ಟೇ ವ್ಯಾಪಾರ. ಅಂಗಡಿ ಬೀದಿಗೆ ಮುಖ ಮಾಡಿತ್ತು, ಮನೆ ಅದರ ಬೆನ್ನಿಗೆ ಅಂಟಿಕೊಂಡಿತ್ತು. ಅಂಗಡಿಯಲ್ಲಿ ಹಿಡಿಸದ ಮಾಲೆಲ್ಲ ನಡುಮನೆಗೆ ಬಂದು ಬೀಳುತ್ತಿದ್ದುದರಿಂದ ನಮ್ಮಲ್ಲಿ ಕುರ್ಚಿಯ ಅಗತ್ಯವೇ ಬೀಳಲಿಲ್ಲ. ಬೀಗರು ಬಂದರೂ ಚೀಲದ ಕಟ್ಟಿನ ಮೇಲೇ ಕೂರಬೇಕು. ಏಳುವಾಗ ಅವರ ಬಿಳಿ ಪಂಚೆಯ ಹಿಂಭಾಗಕ್ಕೆಲ್ಲ ನಾರು ಅಂಟಿರುತ್ತಿತ್ತು. ರೊಟ್ಟಿಯಲ್ಲಿ ನಾರು, ತಲೆಗೂದಲಲ್ಲಿ ನಾರು, ದೇವರಮನೆಯ ದೀಪದ ಎಣ್ಣೆಯಲ್ಲೂ ನಾರು. "ಈ ಮನೆಯಾಗೆ ನಾರಿಲ್ದ ಜಾಗ ಅಂದ್ರೆ ನನ್ನ ನಾಲಿಗೆ ಒಂದೇ" ಎಂದು ಅಮ್ಮ ಗೊಣಗುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಸುತ್ತಲ ಹಳ್ಳಿಗಳಿಂದ ಹಳೆಯ ಚೀಲಗಳು ಗಾಡಿಗಟ್ಟಲೆ ಬರುತ್ತಿದ್ದವು. ಇಲಿ ಕಡಿದವು, ಹಮಾಲರ ಕೊಕ್ಕೆ ಸಿಕ್ಕಿ ಹರಿದವು, ಅಂಚು ಬಿಚ್ಚಿದವು. ಅವಕ್ಕೆ ತೇಪೆ ಹಾಕುವುದು ಅಜ್ಜಿಯ ಕೆಲಸ. ಅಜ್ಜ ಬದುಕಿದ್ದಾಗಿನಿಂದಲೂ ಅವಳದೇ ಆಗಿದ್ದ ಆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿ ಕಿಟಕಿಯ ಬಳಿಯ ಚೀಲದ ಕಟ್ಟಿನ ಮೇಲೆ ಕೂತು ಗೇಣುದ್ದದ ದಬ್ಬಣ ಕೈಗೆತ್ತಿಕೊಳ್ಳುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೊಲಿಗೆಯನ್ನು ಬೆರಳಲ್ಲೇ ತಡವಿ ನೇರ ತೆಗೆದುಕೊಂಡು ಹೋಗುತ್ತಿದ್ದಳಾದರೂ ದಬ್ಬಣದ ತೂತಿಗೆ ಹುರಿ ಪೋಣಿಸುವುದು ಅವಳಿಂದ ಆಗುತ್ತಿರಲಿಲ್ಲ. ಅದು ನನ್ನ ಕೆಲಸ. ಹುರಿಯ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ತೂತಿನಲ್ಲಿ ತೂರಿಸಿ, ಗಂಟು ಹಾಕಿ ಕೊಡಬೇಕು. ಶಾಲೆಯಿಂದ ನಾನು ಬರುವುದು ತಡವಾದರೆ "ನನ್ನ ಕಣ್ಣು ಇನ್ನೂ ಬರಲಿಲ್ವಲ್ಲೆ" ಎಂದು ಅಮ್ಮನನ್ನು ಕೇಳುತ್ತಿದ್ದಳಂತೆ. ಹುರಿ ಪೋಣಿಸುವ ನಡುವೆ ನನಗೆ ತೊಗರ್ಸಿಯ ಕತೆಗಳು. ಅಜ್ಜಿ ಹುಟ್ಟಿದ್ದು ಅಲ್ಲಿ. ಮಲ್ಲಿಕಾರ್ಜುನ ದೇವಸ್ಥಾನದ ಕಂಬದ ಹಿಂದೆ ಅಡಗಿ ಕೂತು ಅಣ್ಣಂದಿರನ್ನು ಸಂಜೆವರೆಗೆ ಹುಡುಕಾಡಿಸಿದ್ದು, ಎಮ್ಮೆ ಬಾಲ ಹಿಡಿದು ಕೆರೆ ದಾಟಿದ್ದು. ಎಲ್ಲವೂ ನನಗೆ ಬಾಯಿಪಾಠ. ಆದರೂ ದಿನಾ ಬೇಕು. ನನಗೆ ಆಗ ಹತ್ತು ವರ್ಷ. ಜಗತ್ತಿನಲ್ಲಿ ನನ್ನದು ಎನ್ನುವ ಆಸ್ತಿ ಅದೊಂದೇ ಎಂದು ನಾನು ತಿಳಿದಿದ್ದೆ, ಮತ್ತು ಆಸ್ತಿ ಇದ್ದವರಿಗೆ ಇರುವ ಎಲ್ಲ ದುರಹಂಕಾರವೂ ನನಗಿತ್ತು.

ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಸೊರಬದಿಂದ ಪ್ರಭು ಬಂದ. ಪ್ರಭು ನನ್ನ ಸೋದರತ್ತೆಯ ಮಗ, ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಅತ್ತೆ ಎಷ್ಟೋ ವರ್ಷದ ಮೇಲೆ ಮತ್ತೆ ಬಸುರಿಯಾಗಿದ್ದಳು. ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಹೆರಿಗೆಯಾಗುವವರೆಗೆ ಹುಡುಗ ಅಜ್ಜಿಯ ಮನೆಯಲ್ಲಿದ್ದು ಇಲ್ಲೇ ಓದಲಿ ಎಂದು ಮಾವ ಅವನನ್ನು ತಂದು ಬಿಟ್ಟು ಹೋದರು. ತಾಯಿಯನ್ನು ಬಿಟ್ಟು ಬಂದ ಹುಡುಗ ಎಂದು ಮನೆಯವರೆಲ್ಲ ಅವನನ್ನು ತಲೆಯ ಮೇಲೆ ಹೊತ್ತರು. ಅಮ್ಮ ಅವನ ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕಿದಳು. ಪಕ್ಕದ ಮನೆಯವರು "ಏನೇ ಗಿರಿಜಾ, ನಿನ್ನ ಗಂಡ ಬಂದಾನಂತಲ್ಲೆ" ಎಂದು ನನ್ನನ್ನು ರೇಗಿಸಿದರು. ಇದೆಲ್ಲವನ್ನೂ ನಾನು ಹಲ್ಲು ಕಚ್ಚಿ ಸಹಿಸಿಕೊಂಡೆ. ಅವನ ಶಾಲೆಯ ಚೀಲದಲ್ಲಿ ಏನಿದೆ ಎಂದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ಅದರಲ್ಲಿದ್ದದ್ದು ಒಂದು ವಿಡಿಯೋ ಗೇಮ್. ಪ್ರಭುವಿನ ಚಿಕ್ಕಪ್ಪ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದರು, ಸಿಂಗಾಪುರದಿಂದ ತಂದದ್ದಂತೆ. ಊರಿನಲ್ಲಿ ನಾಲ್ಕಾರು ಮಕ್ಕಳ ಕೈಗೆ ಆಗಲೇ ಇಟ್ಟಿಗೆ ಬೀಳುವ ಗೇಮ್ ಬಂದಿತ್ತು. ಅದಕ್ಕೆ ಗುಂಡಿಗಳಿದ್ದವು, ಒತ್ತಿ ಒತ್ತಿ ಆಡಬೇಕು. ಇದಕ್ಕೆ ಹಚ್ಚುವ ಆರಿಸುವ ಗುಂಡಿ ಬಿಟ್ಟರೆ ಬೇರೆ ಗುಂಡಿಯೇ ಇರಲಿಲ್ಲ. ಅಂಗೈಗಿಂತ ತುಸು ದೊಡ್ಡದಾದ ಬೂದು ಬಣ್ಣದ ಡಬ್ಬಿ, ಅದರ ತುಂಬ ಗಾಜು, ಗಾಜಿನೊಳಗೆ ಮಾಸಲು ಹಸಿರಿನ ಸಮುದ್ರ, ಸಮುದ್ರದಲ್ಲಿ ಕಡಲೆಬೇಳೆಯಷ್ಟು ಹಡಗು. ಬದಿಯಲ್ಲಿ ಸಿಕ್ಕಿಸಿದ್ದ ಕಪ್ಪು ಕಡ್ಡಿಯನ್ನು ತೆಗೆದು ಗಾಜಿನ ಮೇಲೆ ಗೆರೆ ಎಳೆದರೆ ಹಡಗು ಆ ಗೆರೆಯ ಮೇಲೇ ಹೋಗುತ್ತಿತ್ತು. ನೀರಿನಲ್ಲಿ ಬಂಡೆಗಳು, ಸುಳಿಗಳು, ಕಳ್ಳರ ಹಡಗುಗಳು. ದಾಟಿ ಹೋದರೆ ದ್ವೀಪಗಳು. ಒಂದೊಂದು ದ್ವೀಪ ಮುಟ್ಟಿದಾಗಲೂ ನಕ್ಷೆಯ ಒಂದು ತುಂಡು ಸಿಕ್ಕಿ ಮುಂದಿನ ಸಮುದ್ರ ತೆರೆದುಕೊಳ್ಳುತ್ತಿತ್ತು. ಆರಿಸಿಟ್ಟರೂ ಹಡಗು ನಿಂತ ಜಾಗವನ್ನು ಅದು ಮರೆಯುತ್ತಿರಲಿಲ್ಲ. ಆದರೆ ಮೂರು ಸಲ ಮುಳುಗಿದರೆ ಮುಗಿಯಿತು, ಮತ್ತೆ ಮೊದಲ ದಂಡೆಯಿಂದ ಹೊರಡಬೇಕು. "ಒದ್ದೆ ಕೈಲಿ ಮುಟ್ಟಬ್ಯಾಡ, ಗಾಜಿನ ಸಂದಿಗೆ ನೀರು ಹೋದ್ರೆ ಸತ್ತೇ ಹೋಗ್ತದೆ" ಎಂದು ಚಿಕ್ಕಪ್ಪ ಹೇಳಿದ್ದನ್ನು ಪ್ರಭು ಬಂದವರಿಗೆಲ್ಲ ಒಪ್ಪಿಸುತ್ತಿದ್ದ. ನಾನೂ ಅದನ್ನು ಹತ್ತಿಪ್ಪತ್ತು ಸಲ ಕೇಳಿದ್ದೆ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳುವ ಹಾಗಿಲ್ಲ.

ಊರಿನ ಮಕ್ಕಳು ಅದನ್ನು ನೋಡಲು ಅಂಗಡಿಯ ಕಟ್ಟೆಯ ಮೇಲೆ ಜಮಾಯಿಸಿದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಎರಡು ದಿನದ ವೈಭವ ಎಂದುಕೊಂಡು ಸುಮ್ಮನಿದ್ದೆ. ಕಿಚ್ಚು ಹತ್ತಿದ್ದು ಅವನು ಅದನ್ನು ನಡುಮನೆಗೆ ತಂದ ದಿನ. ಅಜ್ಜಿ ಚೀಲ ಹೊಲಿಯುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. "ಅಜ್ಜಿ, ಸಮುದ್ರ ನೋಡ್ತೀಯಾ?" ಎಂದು ಅವನು ಅವಳ ಎಡಮಗ್ಗುಲಲ್ಲಿ ಬಂದು ಕೂತ. ಅಜ್ಜಿ ನೋಡಿದ್ದ ಅತಿ ದೊಡ್ಡ ನೀರು ಎಂದರೆ ಅಂಬ್ಲಿಗೊಳದ ಜಲಾಶಯ. "ಅಂಬ್ಲಿಗೊಳದಷ್ಟು ಐತೇನೋ ಸಮುದ್ರ?" ಎಂದು ಕೇಳಿದಳು. "ಅಂಥವು ಸಾವಿರ ಸೇರಿದ್ರೂ ಸಾಲದು ಅಜ್ಜಿ" ಎಂದ. ಅಜ್ಜಿ ದಬ್ಬಣ ಕೆಳಗಿಟ್ಟು ಯೋಚಿಸಿದಳು. "ಹಂಗಾರೆ ಅದಕ್ಕೆ ಕಾಲುವೆ ಎಲ್ಲಿಂದ ತೆಗೆದಾರೆ? ಅಷ್ಟು ನೀರು ಯಾರ ಗದ್ದೆಗೆ ಹೋಗ್ತೈತೆ?" ಪ್ರಭು ನಕ್ಕು ನಕ್ಕು ಚೀಲದ ಮೇಲಿಂದ ಉರುಳಿದ. ಅಜ್ಜಿಯೂ ನಕ್ಕಳು. ನಾನು ನಗಲಿಲ್ಲ. ನನ್ನ ಕೈಯಲ್ಲಿ ಹುರಿ ಪೋಣಿಸಿದ ಇನ್ನೊಂದು ದಬ್ಬಣ ತಯಾರಿತ್ತು, ಅದನ್ನು ಚಾಚಿಕೊಂಡೇ ಇದ್ದೆ. ಅವತ್ತು ಅಜ್ಜಿ ಅದನ್ನು ತೆಗೆದುಕೊಳ್ಳಲೇ ಇಲ್ಲ.

ಆಮೇಲೆ ಅದು ದಿನದ ಮಾತಾಯಿತು. ಪ್ರಭುವಿಗೆ ಕಡ್ಡಿಯಲ್ಲಿ ಎಳೆಯುವಾಗ ಅವಸರ. ಗೆರೆ ಸೊಟ್ಟಗಾಗಿ ಹಡಗು ಬಂಡೆಗೆ ಬಡಿಯುತ್ತಿತ್ತು. ಒಂದು ದಿನ ಅಜ್ಜಿ "ತಾ ಇಲ್ಲಿ" ಎಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಗಾಜಿನ ಮೇಲೆ ಬೆರಳಿಟ್ಟಳು. ದಬ್ಬಣ ಹಿಡಿದು ಒರಟಾಗಿದ್ದ ಆ ಬೆರಳು ಹರಕು ಚೀಲದ ತೂತನ್ನು ಸುತ್ತಿ ಹೋಗುವ ಹಾಗೆಯೇ ಸುಳಿಯನ್ನು ಸುತ್ತಿ, ಬಂಡೆಯ ಅಂಚು ತಪ್ಪಿಸಿ, ನಿಧಾನವಾಗಿ ಹೋಗಿ ದ್ವೀಪ ಮುಟ್ಟಿತು. ಡಬ್ಬಿ ಟುಯ್ ಟುಯ್ ಎಂದು ಹಾಡಿತು. ಅವಳ ಪೊರೆಗಣ್ಣಿಗೆ ಹಡಗು ಬರೀ ಒಂದು ಚುಕ್ಕೆ. ಪ್ರಭು ಕಿವಿಯ ಬಳಿ ಬಾಯಿಟ್ಟು "ಎಡಕ್ಕೆ ಅಜ್ಜಿ, ಮುಂದೆ ಕಲ್ಲು ಅದೆ, ಈಗ ಸೀದಾ" ಎಂದು ದಾರಿ ಹೇಳುತ್ತಿದ್ದ. ದ್ವೀಪಗಳಿಗೆ ಅಜ್ಜಿಯೇ ಹೆಸರಿಟ್ಟಳು. ದೇವಸ್ಥಾನದಂಥ ಗೋಪುರವಿದ್ದದ್ದು ತೊಗರ್ಸಿ. ಹಡಗಿಗೆ ಸಾಮಾನು ಸಿಗುವ, ಜನ ಗಿಜಿಗುಡುವ ದ್ವೀಪ ಶಿರಾಳಕೊಪ್ಪ. ನಕ್ಷೆಯ ತುತ್ತತುದಿಯಲ್ಲಿ ಇನ್ನೂ ತೆರೆಯದೆ ಕಪ್ಪಾಗಿದ್ದ ದ್ವೀಪಕ್ಕೆ, ಹುಡುಗನ ಮುಖ ನೋಡಿ, ಸೊರಬ ಎಂದಳು. ಪ್ರಭುವಿನ ಜೊತೆ ಮಾತಾಡುವಾಗ ಅವಳೂ ನಮ್ಮ "ಐತೆ" ಬಿಟ್ಟು "ಕಲ್ಲು ಅದೆ, ನೀರು ಅದೆ" ಎನ್ನತೊಡಗಿದ್ದಳು. ನನ್ನ ಅಜ್ಜಿಯ ಬಾಯಲ್ಲಿ ಸೊರಬದ ಮಾತು ಕೇಳಿದಾಗ ನನಗೆ ಅಳು ಬಂದದ್ದು ನೆನಪಿದೆ. ಅಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ಈಗ ಕೇಳುವವರು ಹತ್ತು ವರ್ಷದವರಾಗಿದ್ದೇ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಪ್ರಭು ಕೆಟ್ಟವನಲ್ಲ. ಎರಡು ಮೂರು ಸಲ "ನೀನೂ ಬಾರೆ, ಒಂದು ದ್ವೀಪ ನೀನು ದಾಟ್ಸು" ಎಂದು ಕರೆದ. "ನನಗೆ ಓದೋದೈತೆ" ಎಂದೆ. ಓದುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಅವರಿಬ್ಬರ ಬೆನ್ನು ನೋಡುತ್ತಿದ್ದೆ. ಅವನು ಕರೆಯದಿದ್ದರೆ ದ್ವೇಷಿಸುವುದು ಸುಲಭವಿತ್ತು, ಕರೆದದ್ದಕ್ಕೆ ಇನ್ನಷ್ಟು ಉರಿ. ಆಟ ನನಗೆ ಬೇಕಿರಲಿಲ್ಲ. ಆ ಬೆನ್ನುಗಳಲ್ಲಿ ಒಂದು ನನ್ನದಾಗಬೇಕಿತ್ತು, ಇನ್ನೊಂದು ಅಲ್ಲಿ ಇರಲೇಬಾರದಿತ್ತು. ಅಜ್ಜಿ ನನ್ನನ್ನು ಮರೆತಿದ್ದಳೆಂದು ಹೇಳಲಾರೆ. ಹುರಿ ಪೋಣಿಸಲು ಕರೆಯುತ್ತಿದ್ದಳು, ಕತೆ ಕೇಳಿದರೆ ಹೇಳುತ್ತಿದ್ದಳು. ಆದರೆ ಕತೆಯ ನಡುವೆ ಅವಳ ಕಿವಿ ಪ್ರಭು ಬರುವ ಸದ್ದಿಗೆ ತೆರೆದಿರುತ್ತಿತ್ತು. ಒಮ್ಮೆ ಪಕ್ಕದ ಮನೆಯಾಕೆ ಕಣ್ಣಿನ ಪೊರೆ ತೆಗೆಸಬಾರದೇ ಎಂದಾಗ ಅಜ್ಜಿ ನಮ್ಮಿಬ್ಬರನ್ನೂ ತೋರಿಸಿ "ಯಾಕ್ರೀ, ಈಗ ನನಗೆ ಎರಡು ಕಣ್ಣು ಅದಾವಲ್ಲ" ಎಂದಳು. ಕೇಳಿದವರೆಲ್ಲ ಎಂಥ ಮಾತು ಎಂದು ಮೆಚ್ಚಿಕೊಂಡರು. ನನಗೆ ಕೇಳಿಸಿದ್ದು ಒಂದೇ: ಇಡೀ ನನ್ನದಾಗಿದ್ದದ್ದು ಈಗ ಅರ್ಧ.

ನವರಾತ್ರಿ ಬಂತು. ಅಷ್ಟು ಹೊತ್ತಿಗೆ ಹಡಗು ಎಲ್ಲ ದ್ವೀಪಗಳನ್ನೂ ದಾಟಿ ಕೊನೆಯ ಸಮುದ್ರಕ್ಕೆ ಬಂದಿತ್ತು. ಎರಡು ಸಲ ಮುಳುಗಿಯಾಗಿತ್ತು, ಇನ್ನೊಂದೇ ಉಳಿದಿತ್ತು. "ದಶಮಿ ದಿನ ಸೊರಬ ಮುಟ್ಟಿಸೋಣ ಅಜ್ಜಿ, ಬನ್ನಿ ಮುಡಿಯೋ ಹೊತ್ತಿಗೆ" ಎಂದು ಪ್ರಭು ಹೇಳಿದ. "ಆಗ್ಲಪ್ಪ. ಅಷ್ಟು ದೂರ ಬಂದದೆ, ಹಡಗಿಗೂ ಒಂದು ಪೂಜೆ ಆಗ್ಬೇಕು" ಎಂದು ಅಜ್ಜಿ ನಕ್ಕಳು. ಅಮ್ಮ ಅಲ್ಲೇ ಅಕ್ಕಿ ಆರಿಸುತ್ತಿದ್ದಳು, ನಾನು ಬಾಗಿಲ ಸಂದಿಯಲ್ಲಿದ್ದೆ. ಆ ದ್ವೀಪ ಮುಟ್ಟಿದ ದಿನವನ್ನು ಅವರಿಬ್ಬರೂ ಸಾಯುವವರೆಗೂ ನೆನೆಯುತ್ತಾರೆ, ಆ ನೆನಪಿನಲ್ಲಿ ನಾನು ಇರುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಹೊಳೆದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಮ್ಮ ಮನೆಯ ಆಯುಧಪೂಜೆಯ ಕ್ರಮ ಹೀಗಿತ್ತು. ನಡುಮನೆಯಲ್ಲಿ ಮಣೆಗಳನ್ನು ಸಾಲಾಗಿ ಹಾಕಿ, ದುಡಿಯುವ ವಸ್ತುಗಳನ್ನೆಲ್ಲ ತೊಳೆದು ಅದರ ಮೇಲಿಡಬೇಕು. ಅಪ್ಪನ ತಕ್ಕಡಿ, ಹಗ್ಗ ಕತ್ತರಿಸುವ ಕತ್ತಿ, ಹಮಾಲರ ಕೊಕ್ಕೆಗಳು, ಅಜ್ಜಿಯ ದಬ್ಬಣಗಳು, ಅಮ್ಮನ ಈಳಿಗೆಮಣೆ, ಮಕ್ಕಳ ಪೆನ್ನು. ಅಜ್ಜಿ ಬಟ್ಟಲಲ್ಲಿ ವಿಭೂತಿ ಕಲಸಿ, ಮೂರು ಬೆರಳನ್ನು ಅದ್ದಿ, ಒಂದೊಂದಕ್ಕೂ ಎಡದಿಂದ ಬಲಕ್ಕೆ ಎಳೆಯುತ್ತಾ ಹೋಗುತ್ತಿದ್ದಳು. ಒಮ್ಮೆ ಮಣೆಯ ಮೇಲೆ ಕೂತ ವಸ್ತುವನ್ನು ಮರುದಿನ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ತರಕಾರಿ ಹೆಚ್ಚುವುದು ಕೂಡ ಹಿಂದಿನ ದಿನವೇ ಆಗಿರುತ್ತಿತ್ತು. ಮೊದಲು ನನ್ನ ತಲೆಗೆ ಬಂದದ್ದು ಇಷ್ಟೇ: ಆ ಗೇಮ್ ಮಣೆಯ ಮೇಲೆ ಕೂತರೆ ಒಂದು ದಿನದ ಮಟ್ಟಿಗೆ ಅಜ್ಜಿ ನನ್ನವಳು. ಆಮೇಲೆ ವಿಭೂತಿ ಒದ್ದೆಯಾಗಿರುತ್ತದೆ ಎನ್ನುವುದೂ ತಲೆಗೆ ಬಂತು. ಬಂದ ಮೇಲೂ ನಾನು ನಿಲ್ಲಲಿಲ್ಲ. ಅಪ್ಪನೂ ಪ್ರಭುವೂ ಬೀದಿಯಲ್ಲಿ ಸ್ಕೂಟರ್ ತೊಳೆಯುತ್ತಿದ್ದಾಗ ಅವನ ಶಾಲೆಯ ಚೀಲದಿಂದ ಅದನ್ನು ತೆಗೆದು, ದಬ್ಬಣಗಳ ಪಕ್ಕದಲ್ಲಿ, ಗಾಜು ಮೇಲೆ ಮಾಡಿ ಇಟ್ಟೆ. ಆರಿಸಿಟ್ಟರೆ ಅಜ್ಜಿಯ ಕಣ್ಣಿಗೆ ಬೀಳಲಿಕ್ಕಿಲ್ಲ ಎಂದು ಹಚ್ಚಿಯೇ ಇಟ್ಟೆ.

ಅಜ್ಜಿ ವಿಭೂತಿ ಹಚ್ಚುತ್ತಾ ಬಂದಳು. ತಕ್ಕಡಿ, ಕತ್ತಿ, ಕೊಕ್ಕೆ, ದಬ್ಬಣ. ಹಸಿರು ಬೆಳಕು ಕಂಡು ಬಾಗಿದಳು, ಬದಿಯನ್ನು ಬೆರಳಲ್ಲಿ ತಡವಿ ಗುರುತು ಹಿಡಿದಳು. ಮುಖ ಅರಳಿತು. "ಪ್ರಭು ಹಡಗೂ ಇಟ್ಟಾನೆ ನೋಡೇ! ನಾನಂದಿದ್ದು ನೆನಪಿಟ್ಕಂಡಾನೆ" ಎಂದು ನನಗೆ ಹೇಳಿದಳು. ನಾನು ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಅಜ್ಜಿ ಒಂದು ಕ್ಷಣ ತಡೆದಳು, ಒದ್ದೆ ಕೈ ಎಂದು ಅವಳಿಗೂ ಅನ್ನಿಸಿರಬೇಕು. ಆಮೇಲೆ, ಹುಡುಗನೇ ಇಟ್ಟ ಮೇಲೆ ಏನು ಎನ್ನುವ ಹಾಗೆ, ಬಟ್ಟಲಲ್ಲಿ ಬೆರಳದ್ದಿ, ಬೇರೆ ಯಾವುದಕ್ಕೂ ಹಚ್ಚದಷ್ಟು ಧಾರಾಳವಾಗಿ ಗಾಜಿನ ಈ ಅಂಚಿನಿಂದ ಆ ಅಂಚಿಗೆ ಮೂರು ಗೆರೆ ಎಳೆದಳು. ಗೆರೆ ಕಂಡರೆ ಹೋಗುವುದೇ ಆ ಹಡಗಿನ ಗುಣ. ಅದು ವಿಭೂತಿಯ ಹಿಂದೆಯೇ ಹೊರಟು ನೇರ ಸುಳಿಗೆ ಬಿತ್ತು. ಡಬ್ಬಿಯಿಂದ ಇಳಿಮುಖವಾಗಿ ಒಂದು ದನಿ ಬಂತು. "ಕೇಳಿದ್ಯಾ, ಹಡಗೂ ಮಾತಾಡ್ತು" ಎಂದು ಅಜ್ಜಿ ಕೈ ಮುಗಿದಳು. ಮೇಲೊಂದು ಚೆಂಡುಹೂವನ್ನು ನಾನೇ ಇಟ್ಟೆ.

ಪ್ರಭು ಒಳಗೆ ಬಂದಾಗ ಅಪ್ಪ ಕಾಯಿ ಒಡೆಯುತ್ತಿದ್ದ. ಹುಡುಗ ಮಣೆಯ ಸಾಲನ್ನು ನೋಡಿದ, ಮತ್ತೆ ನೋಡಿದ, ಕೈ ಮುಂದೆ ಮಾಡಿದ. "ಏಯ್, ನಾಳೆ ಬೆಳಿಗ್ಗೆ ತನಕ ಮುಟ್ಟಂಗಿಲ್ಲ" ಎಂದು ಅಪ್ಪ ಗದರಿದ. "ಮಾವ, ಒರೆಸಿಟ್ಟು ಬಿಡ್ತೀನಿ, ಒಂದೇ ನಿಮಿಷ" ಎಂದ ಅವನ ದನಿ ಒಡೆದಿತ್ತು. "ಒಂದು ದಿನ ಆಟ ಇಲ್ದಿದ್ರೆ ಸಾಯಲ್ಲ ಸುಮ್ನಿರು" ಎಂದ ಅಪ್ಪನಿಗೆ ಒದ್ದೆ ಗಾಜಿನ ವಿಷಯ ಗೊತ್ತಿರಲಿಲ್ಲ. ಆ ದಿನವೆಲ್ಲ ಪ್ರಭು ಮಣೆಯ ಎದುರಿನ ಚೀಲದ ಕಟ್ಟಿನ ಮೇಲೆ ಕೂತಿದ್ದ. ಹೋಳಿಗೆಯನ್ನೂ ಅಲ್ಲೇ ತಂದುಕೊಡಬೇಕಾಯಿತು. ವಿಭೂತಿ ಗಾಜಿನ ಅಂಚಿನಲ್ಲಿ ನಿಧಾನವಾಗಿ ಒಣಗಿ ಬೆಳ್ಳಗಾಯಿತು, ಅದರ ನೀರು ಎಲ್ಲಿಗೆ ಇಳಿಯಿತೆಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಳಿಗ್ಗೆ ಮಂಗಳಾರತಿ ಆದದ್ದೇ ಎತ್ತಿಕೊಂಡು ಒರೆಸಿದ, ಬ್ಯಾಟರಿ ತೆಗೆದು ಹಾಕಿದ. ಗಾಜು ಬೆಳಗಿತು, ಮೊದಲ ದಂಡೆಯಲ್ಲಿ ಹಡಗು ಕಂಡಿತು. ಆದರೆ ಎಲ್ಲಿ ಗೆರೆ ಎಳೆದರೂ ಅದು ಎಡಮೂಲೆಗೆ ಹೋಗಿ ಗಿರಗಿರ ತಿರುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆಳಕೂ ಹೋಯಿತು.

ಯಾರು ಇಟ್ಟದ್ದು ಎಂಬ ಪ್ರಶ್ನೆ ಆಗ ಬಂತು. "ಪ್ರಭೂನೇ ಇಟ್ಟಾನೆ ಅಂದ್ಕಂಡೆ" ಎಂದಳು ಅಜ್ಜಿ. "ನಾನಿಟ್ಟಿಲ್ಲ, ನನ್ನ ಚೀಲದಾಗೇ ಇತ್ತು" ಎಂದ ಪ್ರಭು. ಎಲ್ಲರೂ ನನ್ನ ಕಡೆ ನೋಡುತ್ತಾರೆಂದು ಕಾದೆ. ಯಾರೂ ನೋಡಲಿಲ್ಲ. ಅಮ್ಮ, ಪಾಪ, ಜಗಳ ಮುಗಿಸುವ ಒಳ್ಳೆಯ ಮನಸ್ಸಿನಿಂದಲೇ, "ಹಡಗಿಗೂ ಪೂಜೆ ಆಗ್ಬೇಕು ಅಂತ ನೀವೇ ಅಂದಿದ್ರಲ್ರೀ ಅತ್ತೆ. ಗಡಿಬಿಡೀಲಿ ನೀವೇ ತೆಗೆದಿಟ್ಟು ಮರೆತಿರ್ತೀರಿ. ಮೊನ್ನೆ ಕನ್ನಡಕಾನೂ ಹಂಗೇ ಆತಲ್ಲ" ಎಂದಳು. ಅಜ್ಜಿ ಬಾಯಿ ತೆರೆದಳು. ಇಲ್ಲ ಎನ್ನುತ್ತಾಳೆ ಎಂದುಕೊಂಡೆ. ಅವಳು ತನ್ನ ಮೂರು ಬೆರಳುಗಳನ್ನು ತಾನೇ ನೋಡಿಕೊಂಡು "ಇರಬಹುದು" ಎಂದಳು. ಅವತ್ತು ಸಂಜೆ ಬನ್ನಿ ಕೊಡುವಾಗ ಪ್ರಭು ಅಜ್ಜಿಯ ಕಾಲಿಗೆ ಬಿದ್ದು "ಬಂಗಾರದಂಗಿರಾಣ ಅಜ್ಜಿ" ಎಂದ. ಅಜ್ಜಿ ಅವನನ್ನು ತಬ್ಬಿಕೊಂಡು ಅತ್ತಳು, "ನನ್ನ ಕೈಯಿಂದ ಹಿಂಗಾತಲ್ಲೋ" ಎಂದಳು. ನಾನೂ ಇಬ್ಬರಿಗೂ ಬನ್ನಿ ಕೊಟ್ಟೆ. ಇಬ್ಬರೂ ನನಗೆ ಕೊಟ್ಟರು.

ಅತ್ತೆಗೆ ಹೆಣ್ಣು ಮಗುವಾಯಿತು, ಪ್ರಭು ಸೊರಬಕ್ಕೆ ಹೋದ. ಅಜ್ಜಿಯ ಎಡಮಗ್ಗುಲು ಖಾಲಿಯಾಯಿತು. ನಾನು ಬಯಸಿದ್ದೆಲ್ಲ ಸಿಕ್ಕಿತ್ತು: ಮಧ್ಯಾಹ್ನ, ಕಿಟಕಿ, ಹುರಿ, ಕತೆ. ಸಿಗದೆ ಹೋದದ್ದು ಮೊದಲಿನ ಅಜ್ಜಿ. ಅವಳು ಈಗ ಏನನ್ನು ಮುಟ್ಟುವ ಮೊದಲೂ "ಇದು ಮುಟ್ಟಬಹುದೇನೆ?" ಎಂದು ಕೇಳುತ್ತಿದ್ದಳು. ರೇಡಿಯೋದ ಕಿವಿ ತಿರುಗಿಸಲು, ಹೊಸ ಟಾರ್ಚು ಹಚ್ಚಲು, ನನ್ನ ಜಾಮಿಟ್ರಿ ಬಾಕ್ಸು ತೆಗೆಯಲು. ಹೊಲಿಗೆಯ ನಡುವೆ ನಿಲ್ಲಿಸಿ "ಈ ಚೀಲಕ್ಕೆ ಆಗಲೇ ತೇಪೆ ಹಾಕಿದ್ನಾ?" ಎನ್ನುತ್ತಿದ್ದಳು. ಹಾಕಿರುತ್ತಿರಲಿಲ್ಲ. ಅವಳ ನೆನಪು ಸರಿಯಾಗಿಯೇ ಇತ್ತು, ಅದನ್ನು ನಂಬುವುದನ್ನು ಬಿಟ್ಟಿದ್ದಳು. ಮರುವರ್ಷ ಆಯುಧಪೂಜೆಗೆ ವಿಭೂತಿಯ ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟು "ನೀನೇ ಹಚ್ಚಪ್ಪ, ನನಗೆ ಈಗ ತಿಳಿಯಲ್ಲ" ಎಂದು ಗೋಡೆಗೆ ಒರಗಿ ಕೂತಳು. ಅಪ್ಪ ಎಳೆದ ಗೆರೆಗಳು ಸೊಟ್ಟಗಿದ್ದವು.

ನಾನು ಪಿಯುಸಿ ಮುಗಿಸುವ ಹೊತ್ತಿಗೆ ಎಲ್ಲರೂ ಪ್ಲಾಸ್ಟಿಕ್ ಚೀಲಕ್ಕೆ ತಿರುಗಿದ್ದರು. ಹರಿದರೆ ಎಸೆಯುವ ಚೀಲ, ತೇಪೆಯ ಮಾತೇ ಇಲ್ಲ. ಅಪ್ಪ ಅಂಗಡಿ ಮುಚ್ಚಿ, ಮನೆ ಕೊಟ್ಟು, ಊರಾಚೆ ಸಣ್ಣ ಮನೆ ಮಾಡಿದ. ಸಾಮಾನು ಸಾಗಿಸುವ ದಿನ ಅಜ್ಜಿ ತನ್ನದೇ ದಬ್ಬಣಗಳ ಡಬ್ಬಿಯ ಮುಂದೆ ನಿಂತು "ಇದನ್ನ ಮುಟ್ಟಬಹುದೇನೆ, ಕಟ್ಟಿಟ್ಟೀರಾ?" ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಬರಿದಾದ ನಡುಮನೆಯಲ್ಲಿ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಚೀಲದಿಂದ ತೆಗೆದದ್ದು, ಹಚ್ಚಿಟ್ಟದ್ದು, ವಿಭೂತಿ ಒದ್ದೆ ಎಂದು ಗೊತ್ತಿದ್ದೂ ಸುಮ್ಮನಿದ್ದದ್ದು, ಹೊಟ್ಟೆಕಿಚ್ಚು. ಅಜ್ಜಿ ಪೂರ್ತಿ ಕೇಳಿದಳು. ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಪೊರೆಗಣ್ಣಿನ ಹತ್ತಿರಕ್ಕೆ ತಂದುಕೊಂಡಳು. ನಕ್ಕಳು. "ನನ್ನ ಸಮಾಧಾನಕ್ಕೆ ಎಷ್ಟು ಚಂದ ಕಟ್ಟಿ ಹೇಳ್ತೀಯಲ್ಲೆ. ನನ್ನ ತಪ್ಪು ನಿನ್ನ ಮೈಮೇಲೆ ಎಳ್ಕಂತೀಯಾ? ಹುಚ್ಚಿ" ಎಂದಳು. "ಅಜ್ಜಿ, ನಿಜ, ನಾನೇ" ಎಂದೆ. "ಆತು ಬಿಡು, ನೀನೇ" ಎಂದು ತಲೆ ಸವರಿದಳು. ಇನ್ನೊಮ್ಮೆ ಹೇಳಿದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ನನ್ನನ್ನು ಹಾಗೆ ಅವಳು ಹಿಂದೆಂದೂ ನೋಡಿರಲಿಲ್ಲ, ಪ್ರಭುವನ್ನೂ ನೋಡಿರಲಿಲ್ಲ. ನಾಲ್ಕನೆಯ ಸಲ ಹೇಳಲಿಲ್ಲ.

ಅಲ್ಲಿಂದ ಮುಂದೆ ಅಜ್ಜಿ ಆ ಕತೆಯನ್ನು ಬಂದವರಿಗೆಲ್ಲ ಹೇಳಿದಳು. ಸೊರಬದಲ್ಲಿ ಅತ್ತೆಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಊಟದ ಪಂಕ್ತಿಯಲ್ಲಿ, ಪ್ರಭು ಎದುರಿಗೇ ಬಡಿಸುತ್ತಿದ್ದಾಗ ಹೇಳಿದಳು. "ಆ ಹಡಗು ಹಾಳು ಮಾಡಿದ್ದು ನಾನು. ಈ ಹುಡುಗಿ ಬಂದು ನಾನೇ ಮಾಡಿದ್ದು ಅಂತ ಹೊತ್ಕಂಡ್ಳು ನೋಡ್ರಿ. ನನ್ನ ಮೊಮ್ಮಕ್ಕಳಾಗೆ ಇಂಥ ಮನಸ್ಸು ಇನ್ಯಾರಿಗೂ ಇಲ್ಲ." ಪ್ರಭು ಸಾರಿನ ಪಾತ್ರೆ ಹಿಡಿದು ಒಂದು ಕ್ಷಣ ನಿಂತ. ನನ್ನ ಎಲೆಗೆ ಬಡಿಸಿ ಮುಂದೆ ಹೋದ. ನನ್ನ ಮುಖ ಬಿಸಿಯಾಯಿತು. ಅದು ನಾಚಿಕೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ. ಆದರೆ ಅದರಲ್ಲಿ ಸಂತೋಷವೂ ಇತ್ತು, ಅದೇ ಹೆಚ್ಚಿತ್ತು.

ಅಜ್ಜಿ ಹೋಗಿ ಈಗ ಎಷ್ಟೋ ವರ್ಷವಾಯಿತು. ಅವಳನ್ನು ಕೂರಿಸಿ ಮಣ್ಣು ಮಾಡಿದ ದಿನ, ಬಿಲ್ವಪತ್ರೆ ಹಾಕಿ ಎಲ್ಲರೂ ಹೊರಟ ಮೇಲೆ, ಪ್ರಭು ಮತ್ತು ನಾನು ಸ್ವಲ್ಪ ಹಿಂದೆ ಉಳಿದೆವು. ಅವನ ಕೂದಲು ಅಲ್ಲಲ್ಲಿ ನರೆತಿತ್ತು. ಹಸಿಮಣ್ಣನ್ನು ನೋಡುತ್ತಾ "ಅಜ್ಜಿಗೆ ನನಗಿಂತ ನಿನ್ನ ಕಂಡ್ರೇ ಪ್ರೀತಿ ಜಾಸ್ತಿ ಇತ್ತು ಕಣೆ" ಎಂದ. ಆ ದನಿಯಲ್ಲಿ ಇದ್ದದ್ದು ಏನೆಂದು ನನಗೆ ತಕ್ಷಣ ತಿಳಿಯಿತು. ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರೂ ಇಲ್ಲ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಸಿಗುವುದಿಲ್ಲ ಎಂದೂ ಗೊತ್ತಿತ್ತು. ಅವನು ನನ್ನ ಮುಖ ನೋಡಿದ, ಅಲ್ಲ ಎನ್ನುತ್ತಾಳೇನೋ ಎಂದು ಕಾದ.

"ಹೌದು ಕಣೋ" ಎಂದೆ. "ನನ್ನ ಕಂಡ್ರೇ ಜಾಸ್ತಿ."